ಏಳನೆಯ ನಗು

ಹದಿಮೂರನೇ ವಯಸ್ಸಿನಲ್ಲಿ ಹಲ್ಲು ನೇರವಾಗಲೆಂದು ನಾಲ್ಕು ಹಲ್ಲು ಕೀಳಿಸಿಕೊಂಡ ಮಂದಾಕಿನಿಗೆ, ತನ್ನ ನಗು ಬರಬರುತ್ತಾ ಕಿರಿದಾಯಿತೆಂಬ ಕೊರಗು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡನೆದುರು ಬಾಯ್ತುಂಬ ನಕ್ಕವಳಲ್ಲ.

ಕೊನೆಗೊಮ್ಮೆ ದಂತ ಕಾಲೇಜಿಗೆ ತೋರಿಸಲು ಹೋದಳು. ಸಂಶೋಧನೆಗೆಂದು ತೆಗೆದ, ತುಟಿ-ಹಲ್ಲು ಮಾತ್ರ ಕಾಣುವ ಹನ್ನೆರಡು ಫೋಟೊಗಳಿಗೆ ಅಂಕ ಕೊಡಲು ಡಾಕ್ಟರು ಅವಳ ಜೊತೆ ಬಂದಿದ್ದ ಗಂಡನನ್ನೇ ಕೂರಿಸಿಕೊಂಡರು. ಪರದೆಯಾಚೆ ಕೂತವಳಿಗೆ ಎಲ್ಲ ಕೇಳುತ್ತಿತ್ತು.

"ಏಳನೇದಕ್ಕೆ ಹತ್ತಕ್ಕೆ ಹತ್ತು," ಅಂದ ಗಂಡ. "ಎಂಥಾ ನಗು ಡಾಕ್ಟ್ರೇ. ಇಂಥೋರು ಮನೇಲಿದ್ರೆ ಕೆಲ್ಸಕ್ಕೆ ಹೋಗೋಕೇ ಮನಸ್ಸು ಬರಲ್ಲ. ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ."

ಮೈಯೆಲ್ಲ ಉರಿದು ಮಂದಾಕಿನಿ ಪರದೆ ಸರಿಸಿ ಬಂದಳು. "ಯಾರ್ರೀ ಅವಳು?"

ಡಾಕ್ಟರು ಫೋಟೊ ತಿರುಗಿಸಿ ಹೆಸರು ಓದಿಕೊಂಡರು. "ನೀವೇ ಕಣಮ್ಮ. ಬೆಳಿಗ್ಗೆ ತೆಗೆದದ್ದು."