ಬಾಯಿಲ್ಲದ ಹುಲಿ

ಅಡಿಕೆ ಬೇಯಿಸಿದ ಚೊಗರಿನ ವಾಸನೆ ಬಂದರೆ ನನಗೆ ಇವತ್ತಿಗೂ ನೆನಪಾಗುವುದು ಒಂದು ಹುಲಿ.

ಕೊಪ್ಪದ ಅಜ್ಜನ ಮನೆಯಲ್ಲಿ ಗೋಲಿ ಆಡುವ ಹಲಗೆಯೊಂದಿತ್ತು. ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಹಾರಿ, ಮೊಳೆಗಳಿಗೆ ಬಡಿಯುತ್ತ ಕೆಳಗಿನ ಗುಳಿಗೆ ಉರುಳಬೇಕು. ನಡುವೆ ಬರೆದಿದ್ದ ಹುಲಿ, ಗೋಲಿ ಉರುಳಿ ಉರುಳಿಯೇ ಸವೆದು, ಬರೀ ಕಿವಿ ಮತ್ತು ಬಾಲ ಉಳಿದಿದ್ದವು.

ಆ ದಸರಾ ರಜೆಯಲ್ಲಿ ಅತ್ತೆ ಅದಕ್ಕೆ ಬಣ್ಣ ಹಚ್ಚಲು ಕೂತರು. ಪಟ್ಟೆ, ಕಣ್ಣು, ಮೀಸೆ ಎಲ್ಲ ಮೂಡಿದವು. ಬಾಯಿಗೆ ಬರುವಷ್ಟರಲ್ಲಿ ಕೆಂಪು ಬಣ್ಣ ಮುಗಿದಿತ್ತು. ಅತ್ತೆ ಎದ್ದು ಹೋಗಿ, ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿದಿದ್ದ ದಪ್ಪ ಕೆಂಪು ಚೊಗರನ್ನೇ ತಂದು ಬಳಿದರು.

“ಅದು ಅಂಟ್ತದೆ ಮಾರಾಯ್ತಿ,” ಅಂದರು ಅಜ್ಜ.

“ಒಣಗಿದ್ಮೇಲೆ ಎಂತ ಅಂಟ್ತದೆ ಅಪ್ಪಯ್ಯ?”

ಒಣಗುವವರೆಗೆ ಕಾಯುವ ತಾಳ್ಮೆ ನಮಗ್ಯಾರಿಗೂ ಇರಲಿಲ್ಲ, ಅಜ್ಜನಿಗಂತೂ ಮೊದಲೇ ಇಲ್ಲ. ಮೊದಲ ಗೋಲಿ ತಮ್ಮದೇ ಎಂದು ಹಠ ಹಿಡಿದು ಸ್ಪ್ರಿಂಗ್ ಎಳೆದರು. ಗೋಲಿ ಟಣಟಣ ಸದ್ದು ಮಾಡುತ್ತ ಇಳಿದು ಬಂದು, ಹುಲಿಯ ಬಾಯಲ್ಲಿ ಅಂಟಿ ನಿಂತಿತು.

ಅತ್ತೆ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಗೋಲಿ ಕೀಳಲು ಕೈ ಚಾಚಿದೆ. ಅಜ್ಜ ನನ್ನ ಕೈ ಹಿಡಿದರು.

“ಇರ್ಲಿ ಬಿಡು ಕೂಸೆ. ಎಷ್ಟು ವರ್ಷದಿಂದ ಬಾಯೇ ಇರ್ಲಿಲ್ಲ ಪಾಪ, ಹಸಿದಿರ್ತದೆ.”