ಹೊರಗಿನವರಿಗೆ ಪ್ರವೇಶವಿಲ್ಲ

“ಕಳ್ಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕಂಪ್ಯೂಟರಿಗೆ ಬೀಗ ಹಾಕ್ತೀಯೇನಮ್ಮ? ಮೊದ್ಲು ಇವನ್ನ ಎಬ್ಸು.”

ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿಗೆ ಹೇಳುತ್ತಾ ಮ್ಯಾನೇಜರ್ ಬಸವರಾಜು ಬೆರಳು ತೋರಿಸಿದ್ದು ಗುಮಾಸ್ತ ಜವರಯ್ಯನ ಕಡೆಗೆ. ಮುದುಕ ಎದ್ದು ಗೋಡೆ ಹಿಡಿದು ನಿಂತ. ಅವನನ್ನು ಕೆಲಸದಿಂದ ತೆಗೆಯುವ ಪತ್ರ ಮೇಜಿನ ಮೇಲಿತ್ತು. ಒಡತಿ ಸುನಂದಮ್ಮನ ಸಹಿಯೊಂದೇ ಬಾಕಿ. ಹತ್ತೊಂಬತ್ತು ವರ್ಷದ ಚಾಕರಿಗೆ ನಾಲ್ಕು ಸಾಲು!

ಹುಣಸೂರಿನ ಈ ಕಂಪನಿ ಶುಂಠಿ ಒಣಗಿಸಿ ದುಬೈಗೆ ಕಳಿಸುತ್ತದೆ. ಅಲ್ಲಿಂದ ಬೇಡಿಕೆ, ದರ ಎಲ್ಲಾ ಇಂಗ್ಲಿಷ್ ಮೇಲ್‌ನಲ್ಲಿ ಬರುತ್ತದೆ. ಮೂರು ತಿಂಗಳಿಂದ ಒಂದೇ ಗೋಳು. ಇವರು ಉತ್ತರ ಬರೆಯುವಷ್ಟರಲ್ಲಿ ಕೆ.ಆರ್. ನಗರದ ಹೊಳೆಸಾಲು ಟ್ರೇಡರ್ಸ್ ಕಿಲೋಗೆ ಒಂದು ರೂಪಾಯಿ ಕಡಿಮೆ ಹೇಳಿ ಆರ್ಡರ್ ಹೊಡೆದುಕೊಂಡಿರುತ್ತಿತ್ತು. ಯಾರೋ ಮೇಲ್ ಸೋರಿಸುತ್ತಿದ್ದರು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಮೇಲ್ ಪ್ರಿಂಟ್ ತೆಗೆಯುವವನು ಜವರಯ್ಯ. ಬಸವರಾಜುವಿನ ಪತ್ತೇದಾರಿಕೆ ಅಲ್ಲಿಗೇ ಮುಗಿದಿತ್ತು. ತಲೆ ಬಳಸಿದರೆ ಸವೆದೀತು ಎಂದು ನಂಬಿದ ಮಹಾಶಯ.

“ಕಳ್ಳ ಅನ್ನಿಸ್ಕೊಂಡು ನಮ್ಮೂರು ರಾವಂದೂರಿಗೆ ಎಂಗ್ ಓಗ್ಲಿ ಅವ್ವಾ?” ಎಂದ ಜವರಯ್ಯ.

“ನೋಡಿ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ!”

“ಅವನಿಗೆ ಇಂಗ್ಲಿಷೇ ಬರಲ್ವಲ್ಲ, ಬಸವರಾಜು?” ಸುನಂದಮ್ಮ ಕೇಳಿದಳು.

“ಓದೋಕ್ ಬರ್ದಿದ್ರೆ ಓದ್ಸೋಕೂ ಬರಲ್ವಾ ಅಮ್ಮಾವ್ರೇ? ಎಬಿಸಿಡಿ ಬರ್ದೇ ಇರೋ ದಂಡಪಿಂಡಗಳ್ನ ಇಟ್ಕೊಂಡ್ರೆ ಇದೇ ಗತಿ.”

ಹೀಗೆನ್ನುವ ಬಸವರಾಜು ಕಚೇರಿಯಲ್ಲಿ ಮೇಲ್ ಓದುತ್ತಿರಲಿಲ್ಲ. ಪ್ರಿಂಟಿನ ಮೇಲೆ ಕಣ್ಣಾಡಿಸಿ, “ಹೂಂ, ಮನೇಲಿ ಸ್ಟಡಿ ಮಾಡ್ತೀನಿ” ಎಂದು ಮಡಚಿ ಜೇಬಿಗಿಡುತ್ತಿದ್ದ. ದೊಡ್ಡ ಮನುಷ್ಯರ ಓದು ದೊಡ್ಡದು. ಮನೆಯಿಂದಲೇ ಮೇಲ್ ನೋಡುವಂತೆ ಮಾಡಿಸಿ ಎಂದು ಹಟ ಹಿಡಿದವನೂ ಅವನೇ. ಅದಕ್ಕೇ ಮೈಸೂರಿನಿಂದ ಈ ಹುಡುಗಿ ವಾಣಿಶ್ರೀ ಬಂದು ಸರ್ವರ್ ಮುಂದೆ ಕೂತಿದ್ದಳು.

“ಇನ್ಮೇಲೆ ಪಾಸ್‌ವರ್ಡ್ ಒಂದೇ ಸಾಲಲ್ಲ ಸರ್. ಫೋನಿಗೆ ಬರೋ ನಂಬರ್ ಕೂಡ ಹಾಕ್ಬೇಕು. ಇಲ್ಲಿ ಬರ್ಕೊಂಡಿರೋ ಫೋನ್ ಇಲ್ದೇ ಇರೋರು ಒಳಗೆ ಬರೋಕಾಗಲ್ಲ.”

“ಹಂಗೇ ಆಗ್ಬೇಕು! ಹೊರಗಿನೋರು ಅಂದ್ರೆ ಸೊಳ್ಳೇನೂ ನುಗ್ಗಬಾರ್ದು.” ಬಸವರಾಜು ಮೀಸೆ ತಿರುವಿದ. “ನನ್ ಹೆಸ್ರಿಗೆ ಎರಡು ಫೋನ್ ಬರ್ಕೊ. ಇದೊಂದು, ಮನೇಲಿರೋದೊಂದು.”

ಅವನು ಹೇಳಿದ ಎರಡನೇ ನಂಬರನ್ನು ವಾಣಿಶ್ರೀ ಬರೆದುಕೊಂಡಳು. ತನ್ನ ಫೋನಿನಲ್ಲಿ ಅದನ್ನೇ ಒತ್ತಿ ಸ್ಪೀಕರ್‌ಗೆ ಹಾಕಿದಳು.

“ಅಯ್ಯೋ, ಕಾಲ್ ಯಾಕಮ್ಮ? ನಾನೇ ಹೇಳ್ತಿಲ್ವಾ?”

“ಪ್ರತಿ ನಂಬರೂ ಚೆಕ್ ಮಾಡ್ಲೇಬೇಕು ಸರ್.”

ಸುನಂದಮ್ಮ ಪತ್ರವನ್ನು ಹತ್ತಿರಕ್ಕೆಳೆದು ಪೆನ್ನಿನ ಮುಚ್ಚಳ ತೆಗೆದಳು. ಜವರಯ್ಯ ಕಣ್ಣು ಮುಚ್ಚಿದ. ಅತ್ತ ಫೋನ್ ಎತ್ತಿದರು.

“ನಮಸ್ಕಾರ, ಹೊಳೆಸಾಲು ಟ್ರೇಡರ್ಸ್. ಸೇಲ್ಸ್ ಮ್ಯಾನೇಜರ್ ಕಿರಣ್‌ಕುಮಾರ್ ಮಾತಾಡ್ತಿರೋದು.”

ಸುನಂದಮ್ಮ ಪೆನ್ನು ಕೆಳಗಿಟ್ಟು ಬಸವರಾಜುವಿನ ಮುಖ ನೋಡಿದಳು.

“ನಮ್ಮಕ್ಕನ ಮಗ ಕಣ್ರವ್ವಾ, ನಮ್ಮನೇಲೇ ಇರೋದು, ಹೊರಗಿನೋನಲ್ಲ,” ಬಸವರಾಜು ತೊದಲಿದ. “ನಂಗೆ ಇಂಗ್ಲಿಷ್ ಬರಾಕಿಲ್ಲ. ದಿನಾ ಅವ್ನೇ ಮೇಲ್ ಓದಿ ಅರ್ಥ ಏಳೋದು.”