ಒಂದು ಚಿಟಿಕೆ ಅರಳೆ

"ಮುಟ್ಟಬ್ಯಾಡ್ರಿ ಅಪ್ಪಾ!" ಎಂದು ಮಗಳು ಪ್ರತಿಮಾ ಪಿಸುಗುಟ್ಟುವಷ್ಟರಲ್ಲಿ, ಆದೋನಿಯ ಹತ್ತಿ ವ್ಯಾಪಾರಿ ಮರಿಬಸಪ್ಪ ಜಾಲಿಕೊಂಬೆಯಲ್ಲಿ ಪುಟ್ಟ ಸೂರಕ್ಕಿ ಹಕ್ಕಿ ಅರ್ಧ ಕಟ್ಟಿದ್ದ ಗೂಡಿನಿಂದ ಒಂದು ಚಿಟಿಕೆ ಅರಳೆ ಕಿತ್ತಾಗಿತ್ತು. ಮಾರ್ಕೆಟ್ಟಿನಲ್ಲಿ ಮಾಲು ನೋಡುವ ಹಾಗೆ ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಎಳೆದು, ಎಳೆಯ ಉದ್ದ ನೋಡಿದ.

"ಮಾಲು ಚಲೋ ಐತಿ."

"ಹಕ್ಕಿ ಗೂಡು ಬಿಟ್ಟು ಹೋದ್ರ?" ಪ್ರತಿಮಾಳ ಕಣ್ಣು ತುಂಬಿತು. ಹೋದ ವಾರ ಈ ಗೂಡಿನ ಮೊದಲ ನಾರು ನೋಡಿದ್ದ ಅವಳು, ಇವತ್ತು ಹಟ ಮಾಡಿ ಅಪ್ಪನನ್ನು ತುಂಗಭದ್ರೆಯ ದಂಡೆಗೆ ಕರೆತಂದಿದ್ದಳು. ಬೆಳಗಿನಿಂದ ಅವನು ಒಂದು ಕಡೆ ನಿಂತಿರಲಿಲ್ಲ. ಕೊಕ್ಕರೆ ತೋರಿಸಿದರೆ ಫೋನ್ ನೋಡುತ್ತಿದ್ದ. ಮಿಂಚುಳ್ಳಿ ತೋರಿಸಿದರೆ, "ಮಾರ್ಕೆಟ್ ಚಾಲೂ ಆಗಿರತೈತಿ, ನಡಿಯವ್ವ" ಎನ್ನುತ್ತಿದ್ದ.

ಈಗ ಅವಳ ಕಣ್ಣು ನೋಡಿ, ಅರಳೆಯನ್ನು ಗೂಡಿನ ಪಕ್ಕದ ಮುಳ್ಳಿಗೆ ಸಿಕ್ಕಿಸಿ, ಮೆಲ್ಲಗೆ ಹಿಂದೆ ಸರಿದು ಮರಳಲ್ಲಿ ಕೂತ. ಬಹಳ ಹೊತ್ತಿನ ಮೇಲೆ ಹೆಣ್ಣು ಸೂರಕ್ಕಿ ಬಂತು. ಅರಳೆಯ ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಮರಿಬಸಪ್ಪನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ನೋಡದೆಯೇ ಬಂದ್ ಮಾಡಿದ.

"ಮಾರ್ಕೆಟ್ಟಿಗೆ ಹೋಗೂಣೇನ್ರಿ ಅಪ್ಪಾ?"

"ಸುಮ್ಕಿರವ್ವ," ಎಂದ ಅವನು, ಹಕ್ಕಿಯಿಂದ ಕಣ್ಣು ತೆಗೆಯದೆ. "ಆಕಿ ಇನ್ನಾ ಮಾಲು ನೋಡಾಕತ್ತಾಳ."